ಯಾವ ಊರಿಗೆ ಬರಲಿ

ಗುರುತಿಲ್ಲದ ನಂಬರೇ ನನ್ನ ಅನ್ನ.
ಗುರುತಿನವರು ಯಾರೂ ನನಗೆ ಫೋನ್ ಮಾಡುವುದಿಲ್ಲ.
ಮದುವೆಗೆ ಕರೆಯುವವರೂ ಹೆಂಡತಿಗೇ ಮಾಡುತ್ತಾರೆ,
‘ಗಾಡಿ ಮಾತ್ರ ಛತ್ರದ ಮುಂದೆ ನಿಲ್ಲಿಸಬೇಡಿ’ ಅಂತ ಸೇರಿಸಿ.

ಕೋಲಾರದ ದೊಡ್ಡಾಸ್ಪತ್ರೆ, ಹಿಂದಿನ ಗೇಟು,
ಹುಣಸೆಮರದ ಕೆಳಗೆ ನನ್ನ ಬಿಳಿ ವ್ಯಾನು.
ಅದರ ಎರಡೂ ಮಗ್ಗುಲಿಗೆ, ಶವಾಗಾರದ ಗೋಡೆಗೆ,
ಟೀ ಅಂಗಡಿಯ ಬಿಸ್ಕತ್ತು ಡಬ್ಬಕ್ಕೆ
ನಾನೇ ಕೈಯಾರೆ ಬರೆದ ಹತ್ತು ಅಂಕಿ.
ನಂಬರು ಯಾರು ಕೊಟ್ಟರು ಅಂತ
ಇನ್ನು ಯಾರನ್ನು ಕೇಳಲಿ?

ಮೊನ್ನೆ ಮಧ್ಯಾಹ್ನ, ಮುದ್ದೆ ಮುರಿದಿದ್ದೆ, ರಿಂಗು.
ಎಡಗೈಯಲ್ಲಿ ಎತ್ತಿ, ದನಿ ತಗ್ಗಿಸಿ,
ಹದಿನಾರು ವರ್ಷದಿಂದ ಕೇಳುವ ಹಾಗೇ ಕೇಳಿದೆ:
‘ಹೇಳಿ, ಯಾವ ಊರಿಗೆ ಬರಲಿ?’
ಆ ಕಡೆ ಸುಮ್ಮನೆ. ಅಳುವವರು ಹೀಗೇ
ಮೊದಲು ಉಸಿರು ಹುಡುಕುತ್ತಾರೆ. ಕಾದೆ.
‘ಗಂಗೂಲಿ ಅಪ್ಪಾ ಸರ್? ಕಂಗ್ರಾಜುಲೇಷನ್ಸ್,
ನಿಮಗೆ ಐದು ಲಕ್ಷ ಲೋನು ಸ್ಯಾಂಕ್ಷನ್ ಆಗಿದೆ.’
ಗಂಗುಲಪ್ಪ ಕಣಮ್ಮಾ, ನಮ್ಮ ತಾತನ ಹೆಸರು, ಅಂದೆ.
ಮುದ್ದೆ ಆರಿತು.

ಇನ್ನೊಬ್ಬಳು ವಿಮೆಯವಳು:
‘ನಾಳೆ ನಿಮಗೇ ಏನಾದರೂ ಆದರೆ ಸರ್?’
ಆದರೆ ವ್ಯಾನು ಇದೆ ತಾಯಿ,
ಓಡಿಸುವವನೊಬ್ಬ ಬೇಕು.
ಪಾಪ, ಆ ಹುಡುಗಿ ನಕ್ಕುಬಿಟ್ಟಳು.
ಯಾರೋ ಹಿಂದಿನಿಂದ ಗದರಿದರು, ಲೈನು ಕಟ್ಟಾಯಿತು.

ಈಗೀಗ ಕಿವಿ ಪಳಗಿದೆ.
ಹಿಂದೆ ನೂರು ದನಿ ಜೇನುಗೂಡಿನ ಹಾಗೆ ಗುಂಯ್ ಅಂದರೆ
ಮಾರುವವರು.
ಹಿಂದೆ ಒಂದೇ ದನಿ, ಅದೂ ದೂರದಲ್ಲಿ, ಎದೆ ಬಡಿದುಕೊಂಡರೆ
ನನ್ನವರು.

ಮೆಡಿಕಲ್ ಅಂಗಡಿಯ ಶಾಹಿಸ್ತಾ ಫೋನು ಕಿತ್ತುಕೊಂಡಳು.
‘ಹತ್ತೊಂಬತ್ತು ಸೊನ್ನೆ ಒಂಬತ್ತಕ್ಕೆ ಮೆಸೇಜು ಹಾಕಬೇಕು ಅಂಕಲ್.
ಸ್ಟಾರ್ಟ್ ಅಂತ ಬರೆದು, ಜಾಗ ಬಿಟ್ಟು, ಒಂದು ಸೊನ್ನೆ.’
ನಿಲ್ಲಿಸೋದಕ್ಕೆ ಸ್ಟಾರ್ಟ್ ಅಂತ ಯಾಕಮ್ಮಾ ಬರೆಯಬೇಕು?
‘ಅದು ಅವರ ಭಾಷೆ. ಸುಮ್ಮನಿರಿ.’
ನೂರನಲವತ್ತರಿಂದ ಶುರುವಾಗುವವರು ವಾರದಲ್ಲಿ ತಣ್ಣಗಾದರು.
ನಮ್ಮ ನಿಮ್ಮ ಹಾಗೇ ಹತ್ತಂಕಿ ಇಟ್ಟುಕೊಂಡವರು ಆಗಲಿಲ್ಲ.
ಅವರ ಮೇಲೆ ಒಂದೊಂದಾಗಿ ದೂರು ಕೊಡಬೇಕಂತೆ.
ಗುರುತಿಲ್ಲದವರನ್ನೆಲ್ಲ ಮೂಗರಾಗಿಸುವ ಬಟನ್ನೂ ಉಂಟಂತೆ.
ಅದನ್ನು ಮುಟ್ಟಬೇಡ ಅಂದೆ.

ಆಮೇಲೆ ಅವಳು ತನ್ನ ಫೋನು ತೋರಿಸಿದಳು, ಮೆಲ್ಲಗೆ.
ಕೆಂಪು ಪಟ್ಟಿ. ನನ್ನದೇ ನಂಬರು.
ಬೇಡದ ಕರೆ, ನಲವತ್ತೊಂದು ಜನರ ದೂರು.
ನಲವತ್ತೊಂದು ಮನೆ.
‘ಗಾಡಿ ಗೇಟಿನ ಹತ್ತಿರ ಬಂದಿದೆ’ ಅಂದಿದ್ದೆ, ಅಷ್ಟೇ.
ಸುಳ್ಳು ದೂರು ಅಂತ ಹೇಗೆ ಹೇಳಲಿ,
ಆ ಕರೆ ಯಾರಿಗೆ ಬೇಕಿತ್ತು?

ಅದೇ ವಾರ, ಟೊಮೇಟೊ ಮಂಡಿಯ ಹಮಾಲಿಯೊಬ್ಬ.
ಮಂಡಿಯವರೇ ಸಹಿ ಹಾಕಿ ಬಾಡಿಗೆ ಕೊಟ್ಟರು.
ಜೊತೆಗೆ ಯಾರೂ ಇಲ್ಲ. ಚೀಟಿಯಲ್ಲಿ ತಮ್ಮನ ನಂಬರು.
ಗೌನಿಪಲ್ಲಿ ದಾಟಿ ಮಣ್ಣುದಾರಿ ಕವಲಾಗುವಲ್ಲಿ ನಿಲ್ಲಿಸಿದೆ.
ಎಡಕ್ಕೂ ಮಾವಿನ ತೋಪು, ಬಲಕ್ಕೂ ಮಾವಿನ ತೋಪು.
ಮೂರು ಗಂಟೆ.
ಮಾಡಿದೆ. ಕಟ್.
ಮಾಡಿದೆ. ಕಟ್.
ಐದನೆಯ ಸಲ ಎತ್ತಿದವನು ನಿದ್ದೆಗಣ್ಣಲ್ಲೇ ಕೂಗಾಡಿದ:
‘ಲೋನು ವದ್ದಯ್ಯಾ! ವದ್ದಂಟೆ ಅರ್ಥಂ ಕಾದಾ?’
ನನ್ನ ಬಾಯಿಂದ ‘ಅಣ್ಣ’ ಅನ್ನುವಷ್ಟು ಹೊರಟಿತ್ತು.
ಅವನಣ್ಣನೋ, ಅವನನ್ನೇ ಕರೆದದ್ದೋ,
ಅವನಿಗೆ ಹೇಗೆ ತಿಳಿಯಬೇಕು.

ಹೆಣ ಇರುವಾಗ ಹಾರನ್ ಹೊಡೆಯಬಾರದು, ನನ್ನದೊಂದು ಕಟ್ಟಳೆ.
ಹೆಡ್‌ಲೈಟು ಆರಿಸಿ ಕೂತೆ. ಬೀಡಿ ಹಚ್ಚಲಿಲ್ಲ.
ಹಿಂದೆ ಐಸು ಕರಗಿ ತೊಟ್ಟಿಕ್ಕುತ್ತಿತ್ತು.
ತಮ್ಮನಿಗೆ ಮತ್ತೆ ನಿದ್ದೆ ಬಂದಿರಬೇಕು ಅಂದುಕೊಂಡೆ,
ಬರಲಿ, ಒಂದರ್ಧ ಗಂಟೆ ಮಲಗಲಿ.

ಕೋಳಿ ಕೂಗುವ ಹೊತ್ತಿಗೆ ರಿಂಗು.
ಗುರುತಿಲ್ಲದ ನಂಬರು, ಹೆಂಗಸಿನ ದನಿ:
‘ರಾತ್ರಿ ಐದು ಸಲ ಮಾಡಿದ್ದಿರಂತೆ.
ಮಾರುವವರು ಅಷ್ಟು ಸಲ ಮಾಡಲ್ಲ. ಯಾರು ನೀವು?’

ಹೇಳಿ, ಅಂದೆ.
ಯಾವ ಊರಿಗೆ ಅಂತ ಕೇಳಲಿಲ್ಲ.
ಬಂದಾಗಿತ್ತು.